ಎದೆಯೊಳಗಿನ ಎರಡನೇ ಡಬ್ಬಿ

“ಹೆಣದ ಎದೆ ಕೊಯ್ದಿದ್ದೀಯೋ ಇಲ್ವೋ? ಅಷ್ಟು ಹೇಳಮ್ಮ ಸಾಕು.”

ಇನ್‌ಸ್ಪೆಕ್ಟರ್ ಶೇಷಪ್ಪನವರು ಈ ಪ್ರಶ್ನೆ ಕೇಳಿದ್ದು ದುರ್ಗಿಗುಡಿಯ ಒಂದು ಮನೆಯ ಹಜಾರದಲ್ಲಿ, ಅದೇ ಮನೆಯವರು ಕೊಟ್ಟ ಕಾಫಿಯನ್ನು ಆರಿಸಿಕೊಳ್ಳುತ್ತಾ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಜಗದಾಂಬಾ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರ ಮಗಳು ಅಮೂಲ್ಯಾ ಮಾತ್ರ ತಲೆ ತಗ್ಗಿಸಲಿಲ್ಲ.

“ಕೊಯ್ಯೋದು ಡಾಕ್ಟ್ರು ಸರ್. ನಾನು ಪಕ್ಕದಲ್ಲಿ ನಿಂತು ಪೇಸ್‌ಮೇಕರ್ ಆಫ್ ಮಾಡ್ತೀನಿ. ಅವರು ತೆಗೆದುಕೊಟ್ಟಿದ್ದನ್ನ ಸೀಲ್ ಮಾಡಿ ಇಡ್ತೀನಿ.”

“ಅಂದ್ರೆ ಮಾಡಿದ್ದೀಯ.”

“ಮೂರ್ನಾಲ್ಕು ಸಲ ಮಾಡಿದ್ದೀನಿ. ಸುಡೋ ಹೆಣ ಆದ್ರೆ ತೆಗೀಲೇಬೇಕು ಸರ್. ಒಳಗೆ ಬ್ಯಾಟರಿ ಇರುತ್ತೆ, ಬೆಂಕಿಗೆ ಸಿಡಿಯುತ್ತೆ.”

ಕಿಟಕಿಯ ಪಕ್ಕದಲ್ಲಿ ಕೂತಿದ್ದ ಶ್ರೀಗೌರಿಗೆ ಎದ್ದುಹೋಗಿ ಹುಡುಗಿಯ ಬಾಯಿ ಮುಚ್ಚಿಬಿಡೋಣ ಎನಿಸಿತು. ನಿಜ ಹೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಪೊಲೀಸರ ಎದುರು ಅದನ್ನು ಹೀಗೆ ಹಸಿಹಸಿಯಾಗಿ ಬಡಿಸಬಾರದು.

ಶ್ರೀಗೌರಿ ಪೊಲೀಸಿನವಳಲ್ಲ. ಆಸ್ಪತ್ರೆಗಳಲ್ಲಿ ಬಳಸುವ ಸಾಧನಗಳ ಮೇಲೆ ಕಣ್ಣಿಡುವ ಸರ್ಕಾರಿ ಅಧಿಕಾರಿ. ಸೂಜಿಯಿಂದ ಹಿಡಿದು ಹೃದಯದ ಕವಾಟದವರೆಗೆ ಮನುಷ್ಯನ ಮೈಗೆ ತಾಗುವ ಯಾವ ವಸ್ತು ಕಾನೂನು ತಪ್ಪಿದರೂ ಹಿಡಿಯುವ ಅಧಿಕಾರ ಅವಳಿಗಿದೆ. ಅವಳ ತಾಯಿ ಸೀತಾಲಕ್ಷ್ಮಿ ನೆಂಟರಿಗೆಲ್ಲ ‘ನನ್ನ ಮಗಳು ಥರ್ಮಾಮೀಟರ್ ಪೊಲೀಸು’ ಎಂದು ಹೇಳಿ ಕೈ ತೊಳೆದುಕೊಂಡುಬಿಡುತ್ತಾರೆ. ಇಷ್ಟು ದಿನ ಶ್ರೀಗೌರಿಗೂ ಅದು ತಮಾಷೆಯಾಗಿಯೇ ಇತ್ತು.

ನಿನ್ನೆಯಿಂದ ಅದು ತಮಾಷೆಯಾಗಿ ಉಳಿದಿಲ್ಲ. ಶಿವರಾತ್ರಿ ಕಳೆದ ಮೇಲೆ ಸಂಸ್ಕೃತದ ಮೇಷ್ಟ್ರು ಗಣಪಯ್ಯನವರ ಎದೆಯೊಳಗೆ ಮಂದಾನಿಲ ಆಸ್ಪತ್ರೆಯವರು ‘ಹೊಚ್ಚಹೊಸದು’ ಎಂದು ಇಟ್ಟ ಪೇಸ್‌ಮೇಕರ್, ಸಂಕ್ರಾಂತಿಗೆ ತೀರಿಕೊಂಡ ಬಟ್ಟೆ ವ್ಯಾಪಾರಿ ವೀರೇಂದ್ರ ಅವರದೆಂದು ಪತ್ತೆಯಾಗಿತ್ತು. ಹೃದಯವನ್ನು ಬಡಿಸುವ ಆ ಪುಟ್ಟ ಲೋಹದ ಡಬ್ಬಿಯ ನೆನಪಿನಲ್ಲಿ ಅದರ ನಂಬರು ಅಚ್ಚಾಗಿ ಕೂತಿರುತ್ತದೆ. ರೋಗಿಯ ಹೆಸರನ್ನು ಅಳಿಸಬಹುದು, ನಂಬರನ್ನು ಅಳಿಸಲಾಗುವುದಿಲ್ಲ. ಮೇಷ್ಟ್ರಿಗೆ ಬೇರೆ ಕಡೆ ಬೇರೆ ಪೇಸ್‌ಮೇಕರ್ ಹಾಕಿ ಜೀವ ಉಳಿಸಿದ್ದಾಯಿತು. ಈಗ ಉಳಿಸಬೇಕಾದದ್ದು ಮಂದಾನಿಲದ ಯಂತ್ರಗಳನ್ನು ನೋಡಿಕೊಳ್ಳುವ ಅಮೂಲ್ಯಾಳನ್ನು. ಸತ್ತವರ ಎದೆಯಿಂದ ಸಾಮಾನು ಕದ್ದು ಮಾರಿದಳು ಎಂದು ಆಸ್ಪತ್ರೆ ಅವಳ ಹೆಸರಿಗೇ ದೂರು ಕೊಟ್ಟಿತ್ತು.

“ವೀರೇಂದ್ರ ಅವರದ್ದು ನೀನು ತೆಗೆದಿದ್ಯಾ?” ಶ್ರೀಗೌರಿ ಕೇಳಿದಳು.

“ಹೆಸರು ನೆನಪಿಲ್ಲ ಮೇಡಂ. ನಾನು ಹೆಣದ ಮುಖ ನೋಡಲ್ಲ. ನೋಡಿದ್ರೆ ಆಮೇಲೆ ಊಟ ಸೇರಲ್ಲ.”

ಶೇಷಪ್ಪನವರು ಲೋಟವನ್ನು ಕೆಳಗಿಟ್ಟರು. “ಮೇಡಂ, ಇವರು ನಿಮ್ಮ ಶಿಷ್ಯೆ ಅಂತ ಗೊತ್ತು. ನಿಮ್ಮ ಮುಖ ನೋಡಿ ಸಂಜೆವರೆಗೆ ಸುಮ್ನಿರ್ತೀನಿ. ಹೊತ್ತು ಮುಳುಗಿದ ಮೇಲೆ ಹೆಣ್ಣುಮಕ್ಕಳನ್ನ ಅರೆಸ್ಟ್ ಮಾಡೋ ಹಾಗಿಲ್ಲ. ಅದಕ್ಕೇ ಅದಕ್ಕಿಂತ ಮುಂಚೆ ಬರ್ತೀನಿ. ನಮ್ಮ ಹತ್ರ ಸಾಕ್ಷಿ ಇದೆ.”

“ಯಾರು?”

“ಯೋಗರಾಜ್. ಭದ್ರಾವತಿಯವನು. ಸಂಕ್ರಾಂತಿ ದಿನ ಇವರೇ ತೆಗೆದಿದ್ದನ್ನ ಕಣ್ಣಾರೆ ಕಂಡಿದ್ದಾನಂತೆ.”

ಆ ಹೆಸರು ಕೇಳಿದೊಡನೆ ಅಮೂಲ್ಯಾಳ ಮುಖ ಬಿಳಿಚಿಕೊಂಡಿತು. ಯೋಗರಾಜ್ ಅವಳಿಗಿಂತ ಮೊದಲು ಮಂದಾನಿಲದ ಯಂತ್ರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು. ಓದಿದ ಬಯೋಮೆಡಿಕಲ್ ಎಂಜಿನಿಯರೇ ಇರಬೇಕೆಂದು ಆಸ್ಪತ್ರೆ ಹಟ ಹಿಡಿದಾಗ, ಹೋದ ದೀಪಾವಳಿ ಕಳೆದ ಮೇಲೆ, ಅವನ ಜಾಗಕ್ಕೆ ಬಂದವಳು ಅಮೂಲ್ಯಾ.

ಶೇಷಪ್ಪನವರು ಹೋದ ಮೇಲೆ ಜಗದಾಂಬಾ ಹಜಾರಕ್ಕೆ ಬಂದು ಶ್ರೀಗೌರಿಯ ಎದುರು ನಿಂತರು.

“ನೀವೇ ಅಲ್ವಾ ಈ ಕೋರ್ಸಿಗೆ ಸೇರ್ಸಿ ಅಂದಿದ್ದು? ನಾನು ಬ್ಯಾಂಕ್ ಪರೀಕ್ಷೆ ಬರೀಲಿ ಅಂತಿದ್ದೆ. ಡಾಕ್ಟ್ರೂ ಅಲ್ಲ, ಇಂಜಿನಿಯರೂ ಅಲ್ಲ, ಇದೇನು ಓದು ಅಂತ ನೆಂಟರು ಕೇಳಿದ್ರೆ ನನಗೆ ಹೇಳಕ್ಕೇ ಬರ್ತಿರ್ಲಿಲ್ಲ. ಈಗ ಹೇಳಕ್ಕೆ ಬರುತ್ತೆ ನೋಡಿ. ಹೆಣದ ಕಳ್ಳಿ.”

“ಅಮ್ಮಾ!”

“ಸುಮ್ನಿರು ನೀನು.”

ಇಲಾಖೆಗೆ ಬರುವ ಮುಂಚೆ ಶ್ರೀಗೌರಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದದ್ದು ನಿಜ. ಕುಂಟುವವನನ್ನು ಓಡಿಸಬಹುದು, ನಿಂತ ಹೃದಯವನ್ನು ಬಡಿಸಬಹುದು, ಇಂಥ ಓದು ಬೇರೆ ಯಾವುದಿದೆ ಎಂದು ಇದೇ ಹಜಾರದಲ್ಲಿ ಕೂತು ಜಗದಾಂಬಾರನ್ನು ಒಪ್ಪಿಸಿದ್ದೂ ನಿಜ. ಈ ಹುಡುಗಿ ಜೈಲಿಗೆ ಹೋದರೆ ತಾನು ಮತ್ತೆ ಈ ಮನೆಯ ಮೆಟ್ಟಿಲು ಹತ್ತಲಾರೆ ಎಂದು ಅವಳಿಗೆ ಅನಿಸಿತು.

ಲೆಕ್ಕ ಸರಳವಾಗಿಯೇ ಇತ್ತು. ಡಬ್ಬಿ ವೀರೇಂದ್ರರ ಎದೆಯಿಂದ ಹೊರಬಂದದ್ದು ಅವರು ಸತ್ತ ಮೇಲಾದರೆ ಅಮೂಲ್ಯಾ ಸಿಕ್ಕಿಬಿದ್ದಂತೆ. ದೀಪಾವಳಿಗಿಂತ ಮುಂಚೆಯಾದರೆ ಅವಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ದೀಪಾವಳಿಗೆ ವೀರೇಂದ್ರ ಬದುಕಿದ್ದರಲ್ಲ? ಬದುಕಿದ್ದವನ ಪೇಸ್‌ಮೇಕರ್ ಯಾರಾದರೂ ಕಿತ್ತುಕೊಳ್ಳುತ್ತಾರೆಯೇ?

*

ಗಾಂಧಿ ಬಜಾರಿನಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವುದಕ್ಕಿಂತ ಕಳ್ಳನನ್ನು ಹುಡುಕುವುದು ಸುಲಭ. ಶ್ರೀಗೌರಿ ಇಲಾಖೆಯ ಜೀಪನ್ನು ದೂರದಲ್ಲೇ ಬಿಟ್ಟು, ಶ್ರಾವಣದ ಜನಜಂಗುಳಿಯಲ್ಲಿ ಮೈ ತೂರಿಸಿಕೊಂಡು ವೀರೇಂದ್ರರ ಬಟ್ಟೆ ಅಂಗಡಿ ತಲುಪಿದಳು.

ಗಲ್ಲಾದಲ್ಲಿ ವೀರೇಂದ್ರರ ಹೆಂಡತಿ ದಾಕ್ಷಾಯಣಿ ಕೂತಿದ್ದರು. ಹಣೆಯ ಮೇಲೆ ಅಗಲವಾಗಿ ವಿಭೂತಿ. ಅದನ್ನು ನೋಡಿದ ಕೂಡಲೇ ಶ್ರೀಗೌರಿ ನಿಂತಲ್ಲೇ ನಾಲಿಗೆ ಕಚ್ಚಿಕೊಂಡಳು. ವೀರೇಂದ್ರ ಎಂಬ ಹೆಸರು ಯಾವ ಮನೆಯದಾದರೂ ಆಗಬಹುದು. ತನ್ನ ಮನೆಯಲ್ಲಿ ಸತ್ತವರನ್ನು ಸುಡುತ್ತಾರೆ, ಹಾಗಾಗಿ ಎಲ್ಲರನ್ನೂ ಸುಡುತ್ತಾರೆ ಎಂಬಂತೆ ನಿನ್ನೆಯಿಂದ ಅವಳು ಚಿತೆಯ ಸುತ್ತಲೇ ಯೋಚಿಸುತ್ತಿದ್ದಳು. ಇವರು ವೀರಶೈವರು.

“ನಮ್ಮಲ್ಲಿ ಸುಡಲ್ಲ ಮೇಡಂ,” ದಾಕ್ಷಾಯಣಿ ಹೇಳಿದರು. “ಹೊಳಲೂರಲ್ಲಿ ನಮ್ಮ ಹೊಲದಲ್ಲೇ ಸಮಾಧಿ ಮಾಡಿದ್ದು. ಕೂರ್ಸಿ, ಕೈಯಲ್ಲಿ ಲಿಂಗ ಇಟ್ಟು, ಸುತ್ತ ವಿಭೂತಿ ಗಟ್ಟಿ ಜೋಡ್ಸಿ ಮಣ್ಣು ಕೊಟ್ವಿ. ಮೇಲೆ ಕಲ್ಲು ಕಟ್ಸೋದು ವರ್ಷ ತುಂಬಿದ ಮೇಲೆ.”

“ಅವರ ಎದೇಲಿದ್ದ ಮೆಷಿನ್ನ ಆಸ್ಪತ್ರೇಲಿ ತೆಗೆದ್ರಾ?”

“ಯಾಕೆ ತೆಗೀತಾರೆ? ಅವತ್ತು ಅಂಗಡೀಲೇ ಕುಸಿದ್ರು. ಆಂಬುಲೆನ್ಸಲ್ಲಿ ಆಸ್ಪತ್ರೆ ಬಾಗಿಲಿಗೆ ಹೋಗಿದ್ದಷ್ಟೇ. ಡಾಕ್ಟ್ರು ಗಾಡಿ ಒಳಗೇ ಬಂದು ನೋಡಿ, ಜೀವ ಇಲ್ಲಮ್ಮ ಅಂದ್ರು. ಕೆಳಗೆ ಇಳಿಸ್ಲೇ ಇಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ.”

ದಾಕ್ಷಾಯಣಿ ಗಿರಾಕಿಯೊಬ್ಬರಿಗೆ ಚಿಲ್ಲರೆ ಕೊಟ್ಟು, ಸೆರಗಿನಲ್ಲಿ ಮೂಗು ಒರೆಸಿಕೊಂಡರು.

“ಮನೇಲಿ ಸ್ನಾನ ಮಾಡ್ಸಿದ ಮೇಲೆ ಎದೆಗೆ ವಿಭೂತಿ ಹಚ್ಚಿದ್ದು ನಾನೇ. ಚರ್ಮದ ಕೆಳಗೆ ಆ ಡಬ್ಬಿ ಗಟ್ಟಿಯಾಗಿ ಕೈಗೆ ಸಿಕ್ತು. ಇಷ್ಟೆಲ್ಲ ಖರ್ಚು ಮಾಡಿ ಹಾಕ್ಸಿದ್ದು, ನೀನೂ ಕೈಕೊಟ್ಯಲ್ಲ ಅಂತ ಅದರ ಮೇಲೇ ಕೈಯಿಟ್ಟು ಅತ್ತಿದ್ದೀನಿ.”

ಶ್ರೀಗೌರಿ ಗಲ್ಲಾದ ಹತ್ತಿರಕ್ಕೆ ಸರಿದಳು. ವೀರೇಂದ್ರರ ಪೇಸ್‌ಮೇಕರ್ ಈಗ ತನ್ನ ಕಚೇರಿಯ ಕಪಾಟಿನಲ್ಲಿದೆ. ಹಾಗಾದರೆ ಈ ಹೆಂಗಸಿನ ಕೈಗೆ ಸಿಕ್ಕಿದ್ದೇನು?

“ಸಾಯೋಕೆ ಮುಂಚೆ ಅವರಿಗೆ ಬೇರೆ ಆಪರೇಷನ್ ಏನಾದ್ರೂ ಆಗಿತ್ತಾ ದಾಕ್ಷಾಯಣಮ್ಮ?”

“ಆಪರೇಷನ್ ಅಂತೇನಿಲ್ಲ. ದೀಪಾವಳಿಗೆ ಮುಂಚೆ ಬ್ಯಾಟರಿ ಚೆಕ್ ಮಾಡ್ಬೇಕು ಬನ್ನಿ ಅಂತ ಆಸ್ಪತ್ರೆಯಿಂದ ಫೋನ್ ಬಂತು. ಯೋಗರಾಜ್ ಅಂತ ಒಬ್ಬ ಫೋನ್ ಮಾಡಿದ್ದ. ಬೆಳಗ್ಗೆ ಹೋದೋರು ಎದೆಗೆ ಹೊಲಿಗೆ ಹಾಕಿಸ್ಕೊಂಡು ಬಂದ್ರು. ವೈರ್ ಸಡಿಲ ಆಗಿತ್ತಂತೆ. ಅದಾದ ಮೇಲೆ ನೋಡಿ, ಒಂದು ಥಾನು ಬಟ್ಟೆ ಎತ್ತಿದ್ರೂ ಏದುಸಿರು. ಆ ಮನುಷ್ಯ ಮತ್ತೆ ಮೊದಲಿನ ಹಾಗೆ ಆಗ್ಲೇ ಇಲ್ಲ.”

ಬ್ಯಾಟರಿ ನೋಡಲು ಎದೆ ಕೊಯ್ಯಬೇಕಾಗಿಲ್ಲ. ಅಂಗಿಯ ಮೇಲೆಯೇ ಒಂದು ಉಪಕರಣ ಹಿಡಿದರೆ ಒಳಗಿನ ಡಬ್ಬಿ ತನ್ನ ಸಮಾಚಾರವನ್ನೆಲ್ಲ ಒಪ್ಪಿಸುತ್ತದೆ. ಕೊಯ್ದಿದ್ದಾರೆಂದರೆ ಅದು ಬದಲಾಯಿಸುವುದಕ್ಕೆ. ಇನ್ನೂ ಎಂಟು ವರ್ಷ ಬಡಿಯುವ ಒಳ್ಳೆಯ ಡಬ್ಬಿಯನ್ನು ಕಿತ್ತು, ಯಾವುದೋ ಹೆಣದಿಂದ ತೆಗೆದಿಟ್ಟಿದ್ದ ಮುಗಿಯುತ್ತ ಬಂದ ಡಬ್ಬಿಯನ್ನು ಒಳಗಿಟ್ಟು ಹೊಲಿದಿದ್ದಾರೆ. ಒಳ್ಳೆಯದು ಹೊಸದಾಗಿ ಮಾರಾಟವಾಯಿತು. ಹಳೆಯದು ಸಂಕ್ರಾಂತಿಯವರೆಗೆ ಎಳೆಯಿತು.

ಆ ಎರಡನೇ ಡಬ್ಬಿ ಇನ್ನೂ ಹೊಳಲೂರಿನ ಮಣ್ಣಿನಲ್ಲಿದೆ. ಟೈಟಾನಿಯಂ ಲೋಹ, ನೂರು ವರ್ಷ ಕಳೆದರೂ ತುಕ್ಕು ಹಿಡಿಯುವುದಿಲ್ಲ. ಅದರ ನಂಬರು ಸಿಕ್ಕರೆ ಅಮೂಲ್ಯಾ ಬಿಡುಗಡೆಯಾದಂತೆ.

ಶ್ರೀಗೌರಿ ತನಗೆ ತಿಳಿದಷ್ಟನ್ನು ಮೆಲ್ಲಗೆ ಹೇಳಿದಳು. ಮ್ಯಾಜಿಸ್ಟ್ರೇಟರ ಆದೇಶ ಪಡೆದು, ಅಧಿಕಾರಿಗಳ ಎದುರಿಗೇ ಸಮಾಧಿ ತೆರೆಯಬೇಕಾಗಬಹುದು ಎಂದಾಗ ದಾಕ್ಷಾಯಣಿ ಸಟಕ್ಕನೆ ಎದ್ದು ನಿಂತರು.

“ಮಣ್ಣು ಕೊಟ್ಟವರನ್ನ ಮತ್ತೆ ಮುಟ್ಟೋದಾ? ಅದು ಸಾಧ್ಯ ಇಲ್ಲ. ನಮ್ಮತ್ತೆ ಇನ್ನೂ ಬದುಕಿದ್ದಾರೆ ಮೇಡಂ, ಕೇಳಿದ್ರೆ ಜೀವ ಬಿಟ್ಟಾರು.”

“ಒಂದು ಹುಡುಗಿಯ ಬಾಳಿನ ಪ್ರಶ್ನೆ ದಾಕ್ಷಾಯಣಮ್ಮ. ಮಾಡದ ತಪ್ಪಿಗೆ ಸಂಜೆ ಅವಳನ್ನ ಹಿಡ್ಕೊಂಡು ಹೋಗ್ತಾರೆ.”

ದಾಕ್ಷಾಯಣಿ ಮುಖ ತಿರುಗಿಸಿ ಬಟ್ಟೆ ಮಡಿಸತೊಡಗಿದರು. ಶ್ರೀಗೌರಿ ಅಂಗಡಿಯ ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದಿನಿಂದ ಒಂದೇ ಒಂದು ಮಾತು ಕೇಳಿತು.

“ಅಂದ್ರೆ ನಮ್ಮನೆಯವರನ್ನ ಸಾಯ್ಸಿದ್ದಾ ಮೇಡಂ?”

ತಿರುಗಿ ನೋಡುವ ಧೈರ್ಯ ಶ್ರೀಗೌರಿಗೆ ಬರಲಿಲ್ಲ.

ಜೀಪು ಹತ್ತಿದವಳು ಮಾಡಬಾರದ ಒಂದು ಕೆಲಸ ಮಾಡಿದಳು. ಅಮೂಲ್ಯಾಳಿಗೆ ಫೋನ್ ಹಚ್ಚಿ, “ಊಟ ಮಾಡೇ ಮಾರಾಯ್ತಿ, ಧೈರ್ಯವಾಗಿರು. ಅವರನ್ನ ಸುಟ್ಟಿಲ್ಲ, ಹೊಳಲೂರಲ್ಲಿ ಹೂತಿದ್ದಾರೆ. ನಿನ್ನ ಸಾಕ್ಷಿ ಅಲ್ಲೇ ಭದ್ರವಾಗಿದೆ” ಎಂದುಬಿಟ್ಟಳು. ಕೇಸಿನ ಗುಟ್ಟನ್ನು ಆರೋಪಿಗೆ ಹೇಳಬಾರದೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಕರುಳು ಕೇಳಲಿಲ್ಲ.

*

ಭದ್ರಾವತಿಯ ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ದಾಟಿದರೆ ಯೋಗರಾಜನ ವರ್ಕ್‌ಶಾಪ್. ಹೊಟ್ಟೆ ಬಿಚ್ಚಿಟ್ಟ ವೆಂಟಿಲೇಟರು, ಬಾಯಿ ತೆರೆದ ಬಿ.ಪಿ. ಯಂತ್ರಗಳು, ಮೂಲೆಯಲ್ಲಿ ಆಕ್ಸಿಜನ್ ಸಿಲಿಂಡರುಗಳ ಸಾಲು. ಎದುರುಗಡೆ ಚಹಾದಂಗಡಿಯವನು “ಅಣ್ಣಾ, ಟೀ ವೇಣುಮಾ?” ಎಂದು ತಮಿಳಿನಲ್ಲಿ ಕೂಗಿದ. ಶ್ರೀಗೌರಿಯ ಹಿಂದೆ ಖಾಕಿ ಕಂಡದ್ದೇ ತಡ, ಉತ್ತರಕ್ಕೂ ಕಾಯದೆ ಒಳಗೆ ಹೋದ.

ಖಾಕಿಯಲ್ಲಿದ್ದವಳು ಕಾನ್ಸ್‌ಟೇಬಲ್ ಸಂಧ್ಯಾ. ಶೇಷಪ್ಪನವರು ಜೊತೆಗೆ ಕಳಿಸಿದ್ದರು. ಒಳಗೆ ಕಾಲಿಡುತ್ತಲೇ ಅವಳು ಯೋಗರಾಜನ ಫೋನ್ ಇಸಿದುಕೊಂಡು ತನ್ನ ಜೇಬಿಗೆ ಹಾಕಿದಳು. ತನ್ನ ಫೋನನ್ನು ರೆಕಾರ್ಡಿಂಗಿಗೆ ಹಚ್ಚಿ ಮೇಜಿನ ಮೇಲಿಟ್ಟಳು.

ಯೋಗರಾಜನಿಗೆ ನಲವತ್ತರ ಆಸುಪಾಸು. ಇಸ್ತ್ರಿ ಮುರಿಯದ ಅಂಗಿ, ಗಟ್ಟಿ ದನಿ. ಹೆದರಿಕೆಯ ಸುಳಿವೇ ಇಲ್ಲ.

“ಬನ್ನಿ ಮೇಡಂ. ಆ ಹುಡುಗೀನ ಬಿಡಿಸೋಕೆ ಬಂದ್ರಾ? ಪಾಪ, ಸಣ್ಣ ವಯಸ್ಸು. ಆದ್ರೆ ನೀವು ಒಂದು ಯೋಚ್ನೆ ಮಾಡಿ. ಎಂಟು ವರ್ಷ ಓಡೋ ಮೆಷಿನ್ನು, ಮನುಷ್ಯ ಸತ್ತ ಅಂತ ಕಸಕ್ಕೆ ಹಾಕೋದು ಯಾವ ನ್ಯಾಯ? ಕನ್ನಡಕ ಬೇರೆಯವರಿಗೆ ಕೊಡಲ್ವಾ? ವೀಲ್‌ಚೇರ್ ಕೊಡಲ್ವಾ? ಅವಳು ಅದನ್ನೇ ಮಾಡಿದ್ದು ಅನ್ಕೊಳ್ಳಿ.”

“ಕಾನೂನಲ್ಲಿ ವೀಲ್‌ಚೇರ್ ಎ ವರ್ಗ ಯೋಗರಾಜ್, ಅಪಾಯ ತೀರಾ ಕಮ್ಮಿ. ಹತ್ತಿ, ಬ್ಯಾಂಡೇಜು ಎಲ್ಲ ಅದ್ರಲ್ಲೇ. ಥರ್ಮಾಮೀಟರ್ ಬಿ. ನಿಮ್ಮ ಹಿಂದಿರೋ ವೆಂಟಿಲೇಟರ್ ಸಿ. ಪೇಸ್‌ಮೇಕರ್ ಡಿ. ಡಿ ಅಂದ್ರೆ ಸಾಧನ ಕೈಕೊಟ್ರೆ ಮನುಷ್ಯ ಉಳಿಯಲ್ಲ ಅಂತ. ಇನ್ನೊಬ್ಬರ ರಕ್ತದಲ್ಲಿದ್ದಿದ್ದನ್ನ ಇಲ್ಲಿ ತೊಳೆದು ಹೊಸದು ಅಂತ ಮಾರೋಕೆ ನಿಮಗೆ ಯಾವ ಲೈಸೆನ್ಸ್ ಇದೆ?”

“ನನಗೆ ಯಾಕೆ ಕೇಳ್ತೀರಿ? ಅವಳನ್ನ ಕೇಳಿ.”

“ಸರಿ. ಅವಳು ಏನು ಮಾಡಿದ್ಳು ಹೇಳಿ. ನೀವು ಕಂಡಿದ್ದನ್ನ ಕಂಡ ಹಾಗೇ.”

ಯೋಗರಾಜ್ ಕುರ್ಚಿ ಎಳೆದುಕೊಂಡು ಕೂತ. ಈ ಕತೆಯನ್ನು ಅವನು ಆಗಲೇ ಮೂರು ಕಡೆ ಹೇಳಿ ಹದ ಮಾಡಿಕೊಂಡಿದ್ದ.

“ಸಂಕ್ರಾಂತಿ ದಿನ ಮೇಡಂ. ಹಳೇ ಬಿಲ್ ವಿಚಾರಕ್ಕೆ ಆಸ್ಪತ್ರೆಗೆ ಹೋಗಿದ್ದೆ. ವೀರೇಂದ್ರ ಅವರ ಬಾಡಿ ತಂದ್ರು. ಒಳಗೆ ಮಲಗ್ಸಿದ್ರು. ಆ ಹುಡುಗಿ ಬಂದು ಮೆಷಿನ್ ಆಫ್ ಮಾಡಿದ್ಳು, ತೆಗೆಸಿದ್ಳು, ಕರ್ಚೀಫಲ್ಲಿ ಸುತ್ಕೊಂಡು ಹೋದ್ಳು. ನಾನು ಬಾಗಿಲ ಹತ್ರಾನೇ ಇದ್ದೆ.”

“ತೆಗೆಯೋ ಅವಸರ ಏನಿತ್ತು?”

“ಸುಡೋ ಮುಂಚೆ ತೆಗೀಬೇಕಲ್ಲ! ಇಲ್ಲಾಂದ್ರೆ ಚಿತೇಲಿ ಢಂ ಅನ್ನುತ್ತೆ. ಮನೆಯವರು ಬೇರೆ ಬೇಗ ಕೊಡಿ, ಸೌದೆ ಜೋಡ್ಸಿ ಆಗಿದೆ, ಭಟ್ಟರು ಕಾಯ್ತಿದ್ದಾರೆ ಅಂತ ಒಂದೇ ಗಲಾಟೆ.”

“ಭಟ್ಟರು ಕಾಯ್ತಿದ್ರಾ?”

“ಹೌದು ಮೇಡಂ.”

“ನೀವು ಚಿತೆ ಹತ್ರ ಹೋಗಿದ್ರಾ?”

ಯೋಗರಾಜ್ ಒಂದು ಕ್ಷಣ ತಡೆದ. ಆಮೇಲೆ ಮುಖದ ಮೇಲೆ ದುಃಖ ತಂದುಕೊಂಡ. “ಪರಿಚಯದೋರು, ಹೋಗ್ದೆ ಇರಕ್ಕಾಗುತ್ತಾ? ಹೊಳೆ ಹತ್ರ ಮಾಡಿದ್ರು. ಬೆಂಕಿ ಹತ್ತಿ ಉರಿಯೋವರೆಗೂ ಕೈ ಕಟ್ಕೊಂಡು ನಿಂತಿದ್ದೆ.”

ಸಂಧ್ಯಾ ತಲೆಯೆತ್ತಿ ಶ್ರೀಗೌರಿಯ ಮುಖ ನೋಡಿದಳು. ಶ್ರೀಗೌರಿ ಇಷ್ಟಕ್ಕೇ ಎದ್ದು ಬರಬೇಕಿತ್ತು. ಸಾಕ್ಷಿಯ ಸುಳ್ಳು ರೆಕಾರ್ಡ್ ಆಗಿತ್ತು, ಅದನ್ನು ಶೇಷಪ್ಪನವರ ಕೈಗೆ ಕೊಟ್ಟಿದ್ದರೆ ಸಾಕಾಗಿತ್ತು. ಆದರೆ ಈ ಮನುಷ್ಯನ ಮುಖದ ಗತ್ತು ಇಳಿಯುವುದನ್ನು ಕಣ್ಣಿಂದ ನೋಡಬೇಕೆಂಬ ಚಪಲ ಅವಳನ್ನು ಹಿಡಿದು ಕೂರಿಸಿತು.

“ಯೋಗರಾಜ್, ವೀರೇಂದ್ರ ಅವರು ವೀರಶೈವರು.”

“ಆಗ್ಲಿ. ಅದಕ್ಕೇನೀಗ?”

“ಅವರಿಗೆ ಸೌದೆ ಯಾರೂ ಜೋಡಿಸ್ಲಿಲ್ಲ. ಭಟ್ಟರೂ ಕಾಯ್ತಿರ್ಲಿಲ್ಲ. ಹೊಳಲೂರಲ್ಲಿ ಅವರನ್ನ ಕೂರಿಸಿ ಮಣ್ಣು ಕೊಟ್ಟಿದ್ದಾರೆ. ಆಸ್ಪತ್ರೇಲಿ ಆಂಬುಲೆನ್ಸಿಂದ ಕೆಳಗೇ ಇಳಿಸ್ಲಿಲ್ಲ. ನೀವು ಯಾರ ಬೆಂಕಿ ಎದುರು ಕೈ ಕಟ್ಕೊಂಡು ನಿಂತಿದ್ರಿ?”

ಯೋಗರಾಜ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತ.

“ದೀಪಾವಳಿಗೆ ಮುಂಚೆ ಅವರಿಗೆ ಫೋನ್ ಮಾಡಿ ಕರೆಸಿದ್ದು ನೀವು. ಆಗ ಅಮೂಲ್ಯಾ ಆ ಆಸ್ಪತ್ರೆಗೆ ಸೇರೇ ಇರಲಿಲ್ಲ. ಒಳ್ಳೇ ಡಬ್ಬಿ ತೆಗೆದು ಹಾಳು ಡಬ್ಬಿ ಹಾಕಿದ್ರಿ. ಸತ್ತ ಮೇಲೆ ಸುಡ್ತಾರೆ, ಸುಡೋಕೆ ಮುಂಚೆ ನಮ್ಮ ಆಸ್ಪತ್ರೆಯವರೇ ಅದನ್ನ ತೆಗೀತಾರೆ, ಯಾವ ಗುರುತೂ ಉಳಿಯಲ್ಲ ಅನ್ನೋ ಧೈರ್ಯ. ಆದ್ರೆ ಆ ಎರಡನೇ ಡಬ್ಬಿ ನಂಬರ್ ಸಮೇತ ಇನ್ನೂ ಅವರ ಎದೇಲೇ ಇದೆ.”

ಅಂಗಿಯ ಇಸ್ತ್ರಿ ಹಾಗೇ ಇತ್ತು, ಒಳಗಿನ ಮನುಷ್ಯ ಮಾತ್ರ ಮುದುಡಿಹೋದ. ಹಣೆಯ ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ.

“ಸಾಯ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ ಮೇಡಂ,” ಅವನ ದನಿ ಗುಟುಕು ನೀರು ಕೇಳುವಂತಿತ್ತು. “ಆ ಬ್ಯಾಟರಿ ಇನ್ನೂ ಎರಡು ವರ್ಷ ಓಡುತ್ತೆ, ಅಷ್ಟರಲ್ಲಿ ಬೇರೆ ಹಾಕೋಣ ಅಂದಿದ್ರು ಅವರು.”

“ಅವರು ಯಾರು?”

ಯೋಗರಾಜ್ ಬಾಗಿಲ ಕಡೆ ನೋಡಿದ.

“ಸ್ಕ್ರೂ ತಿರುಗ್ಸೋದು ನಿಮ್ಮ ಕೆಲಸ, ಎದೆ ಕೊಯ್ಯೋದು ನಿಮಗೆ ಬರಲ್ಲ. ಕತ್ತರಿ ಹಿಡಿದವರು ಯಾರು ಯೋಗರಾಜ್? ಹೆಸರು ಹೇಳಿ. ಇಲ್ಲಾಂದ್ರೆ ಸಾವು ಪೂರ್ತಿ ನಿಮ್ಮ ತಲೆಗೇ ಕಟ್ಕೊಳ್ಳುತ್ತೆ.”

ಅವನ ತುಟಿ ಅಲುಗಿತು. ಶ್ರೀಗೌರಿ ಮುಂದಕ್ಕೆ ಬಾಗಿದಳು. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು. ದಾಕ್ಷಾಯಣಿ.

“ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಹುಡುಗಿ ಅಂಗಡಿಗೆ ಬಂದು ನನ್ನ ಕಾಲು ಹಿಡ್ಕೊಂಡು ಅತ್ತುಬಿಟ್ಳು. ನನ್ನ ಮಗಳ ವಯಸ್ಸು. ನನಗೂ ಮನಸ್ಸು ತಡೀಲಿಲ್ಲ, ನಮ್ಮನೆಯವರಿಗೆ ಏನಾಯ್ತು ಅಂತ ತಿಳೀಲೇಬೇಕು ಅನ್ನಿಸ್ತು. ಅತ್ತೆಗೆ ಹೇಳ್ದೆ ಬಂದಿದ್ದೀನಿ. ನಾವು ಹೊಳಲೂರಲ್ಲಿದ್ದೀವಿ.”

ಶ್ರೀಗೌರಿ ಸಟ್ಟನೆ ಎದ್ದಳು. “ಅಮೂಲ್ಯಾಗೆ ಫೋನ್ ಕೊಡಿ. ಮೊದಲು ಕೊಡಿ!”

“ಮೇಡಂ,” ಅಮೂಲ್ಯಾ ಏದುಸಿರು ಬಿಡುತ್ತಿದ್ದಳು. “ಬೈಬೇಡಿ. ನಿಮ್ಮ ಆರ್ಡರ್ ಬರೋಷ್ಟರಲ್ಲಿ ನಾನು ಜೈಲಲ್ಲಿರ್ತೀನಿ. ಅಮ್ಮ ಬೆಳಗ್ಗೆಯಿಂದ ಒಂದು ಗುಟುಕು ನೀರೂ ಕುಡಿದಿಲ್ಲ. ಆ ಡಬ್ಬಿ ಮೇಲಿನ ನಂಬರ್ ಒಂದು ಫೋಟೋ ತೆಗೆದ್ರೆ ಸಾಕು ಮೇಡಂ.”

“ಸಲಿಕೆ ಕೆಳಗಿಡು! ನೀನು ಓದಿರೋದು ಇಷ್ಟೇನಾ? ಸರ್ಕಾರದವರ ಎದುರು ತೆಗೆದ್ರೆ ಅದು ಸಾಕ್ಷಿ. ನೀನೇ ತೆಗೆದ್ರೆ, ನೀನೇ ತಂದಿಟ್ಟೆ ಅಂತಾರೆ. ಮುಟ್ಟಬೇಡ. ಅಗೆದಿದ್ದೀಯಾ?”

“ಒಂದು ಗೇಣು ಅಷ್ಟೇ. ಆದ್ರೆ ಮೇಡಂ, ಇಲ್ಲಿ...” ಅವಳ ಮಾತು ಅಲ್ಲಿಗೇ ನಿಂತಿತು.

ಫೋನ್ ಮತ್ತೆ ದಾಕ್ಷಾಯಣಿಯ ಕೈಗೆ ಹೋಗಿರಬೇಕು. ಅವರ ದನಿ ಈಗ ಬೇರೆಯೇ ಆಗಿತ್ತು.

“ಮೇಡಂ, ವಿಭೂತಿ ಗಟ್ಟಿಗಳನ್ನ ತಳದಲ್ಲಿ, ಅವರ ಮೈ ಸುತ್ತ ಜೋಡ್ಸಿದ್ದು. ಅದರ ಮೇಲೆ ಆಳುದ್ದ ಮಣ್ಣು. ಈಗ ಒಂದು ಗೇಣು ಅಗೆಯೋಷ್ಟರಲ್ಲೇ ವಿಭೂತಿ ಚೂರು ಮೇಲೆ ಸಿಗ್ತಿದೆ. ಮಣ್ಣೆಲ್ಲ ಮೆತ್ತಗಿದೆ. ಯಾರೋ ಮೊದಲೇ ಬಂದು ಅವರನ್ನ ತೆಗೆದು ನೋಡಿದ್ದಾರೆ ಮೇಡಂ. ನನ್ನ ಗಂಡನ್ನ ಯಾರೋ ತೆಗೆದು ನೋಡಿದ್ದಾರೆ.”

ಅವರ ಅಳು ಫೋನಿನಿಂದ ಹೊರಗೂ ಕೇಳುತ್ತಿತ್ತು. ಯೋಗರಾಜ್ ಅದನ್ನು ಕೇಳಿ ಗೋಡೆಗೆ ಒತ್ತಿಕೊಂಡ.

“ನಾನಲ್ಲ ಮೇಡಂ. ಹೂತಿದ್ದಾರೆ ಅಂತಾನೇ ನನಗೆ ಗೊತ್ತಿರ್ಲಿಲ್ಲ.”

ಅದು ನಿಜವೆಂದು ಶ್ರೀಗೌರಿಗೂ ಗೊತ್ತಿತ್ತು. ಗೊತ್ತಿದ್ದವನು ಚಿತೆಯ ಕತೆ ಕಟ್ಟುತ್ತಿರಲಿಲ್ಲ. ಹಾಗಾದರೆ ಗೊತ್ತಿದ್ದವರು ಕತ್ತರಿ ಹಿಡಿದವರು. ಡಬ್ಬಿ ಆಗಲೇ ಅವರ ಕೈ ಸೇರಿದೆ. ಯಾರೋ ಮೊದಲೇ ಅಗೆದಿಟ್ಟ ಸಮಾಧಿಯ ಮುಂದೆ ಸಲಿಕೆ ಹಿಡಿದು ನಿಂತಿರುವವಳು ಅಮೂಲ್ಯಾ.

“ದಾಕ್ಷಾಯಣಮ್ಮ, ಆ ಹುಡುಗೀನ ಕರ್ಕೊಂಡು ಅಲ್ಲಿಂದ ಹೊರಡಿ. ಈಗಲೇ.”

“ಹೇಗೆ ಹೊರಡ್ಲಿ? ಪೊಲೀಸ್ ಜೀಪ್ ಬಂದು ನಿಂತಿದೆ.”

ಗಾಡಿಯ ಬಾಗಿಲು ಬಡಿದ ಸದ್ದು, ಬೂಟುಕಾಲಿನ ಸದ್ದು. ಅಮೂಲ್ಯಾ “ಸರ್, ನಾನಲ್ಲ ಸರ್” ಎಂದು ಚೀರಿದ್ದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಫೋನಿನಲ್ಲಿ ಬಂದದ್ದು ಶೇಷಪ್ಪನವರ ದನಿ. ಅದರಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು.

“ನೀವು ಹೇಳಿದ್ದು ಸರಿಯಾಯ್ತು ಮೇಡಂ. ಸಲಿಕೆ ಸಮೇತ ಸಿಕ್ಕಿದ್ದಾಳೆ.”

“ನಾನು ಹೇಳಿದ್ದಾ? ನಾನೇನು ಹೇಳಿದೆ ನಿಮಗೆ?”

“ಇದೇನು ಮೇಡಂ ಹೀಗಂತೀರಿ? ಒಂದು ಗಂಟೆ ಹಿಂದೆ ನೀವೇ ತಾನೇ ಸ್ಟೇಷನ್ನಿಗೆ ಫೋನ್ ಮಾಡಿ, ಅಮೂಲ್ಯಾ ಹೊಳಲೂರಿಗೆ ಸಮಾಧಿ ಅಗೆಯೋಕೆ ಹೋಗ್ತಾಳೆ, ಕಾದಿದ್ದು ಹಿಡೀರಿ ಅಂತ ನಮ್ಮ ಹುಡುಗರಿಗೆ ಹೇಳಿದ್ದು?”

ಒಂದು ಗಂಟೆಯಿಂದ ಶ್ರೀಗೌರಿ ಯಾರಿಗೂ ಫೋನ್ ಮಾಡಿರಲಿಲ್ಲ. ಅವಳ ಹೆಸರು ಹೇಳಿಕೊಂಡು ಬೇರೆ ಯಾರೋ ಮಾಡಿದ್ದರು.